ಹಳೆಯ ಕ್ಯಾಂಪರ್ ವ್ಯಾನಿನ ಸದ್ದು ಮತ್ತು ನಡುಕ: ಹೌಸಿಂಗ್ ಬಿಚ್ಚಿಸುವ ಮೊದಲು ಮಾಡಬೇಕಾದ ಪರೀಕ್ಷೆಗಳು

ಹಳೆಯ ಟೆಂಪೋ ಟ್ರಾವೆಲರನ್ನೋ ಅಂಥದೇ ಹಿಂಚಕ್ರ ಚಾಲನೆಯ ವ್ಯಾನನ್ನೋ ಕೊಂಡು, ಒಳಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಕೂರಿಸಿಕೊಂಡವರು ಹೇಳುವ ದೂರು ಬಹುಮಟ್ಟಿಗೆ ಒಂದೇ: ವೇಗ 60 ದಾಟಿತೆಂದರೆ ಹಿಂದಿನಿಂದ ಗುಂಯ್ ಎನ್ನುತ್ತದೆ, ನೆಲ ನಡುಗುತ್ತದೆ, ಹೌಸಿಂಗ್ (ಹಿಂದಿನ ಆಕ್ಸಲಿನ ನಡುವಿನ ಗೇರುಗಳ ಗೂಡು) ಬಿಚ್ಚಿಸಿ ಅದರೊಳಗಿನ ಗೇರು ಜೋಡಿಯಾದ ಕ್ರೌನ್ ಪಿನಿಯನ್ ಬದಲಾಯಿಸಿದರೂ ಹೋಗಲಿಲ್ಲ. ಇಲ್ಲಿ ತಪ್ಪುತ್ತಿರುವುದು ಕೆಲಸಗಾರಿಕೆಯಲ್ಲ, ಕೆಲಸದ ಕ್ರಮ. ವ್ಯಾನಿನ ಮೈ ಒಂದು ಟೊಳ್ಳು ಡಬ್ಬಿಯಂತೆ. ಹಿಂದಿನ ಟೈರಿನ ಸದ್ದು, ಚಕ್ರದ ನಡುಭಾಗವಾದ ಹಬ್ಬಿನ ಬೇರಿಂಗಿನ ಸದ್ದು, ಹೌಸಿಂಗಿನ ಸದ್ದು ಮೂರೂ ಒಂದೇ ಕಡೆಯಿಂದ ಬಂದಂತೆ ಕೇಳಿಸುತ್ತವೆ. ನಾನು ಬಳ್ಳಾರಿಯಲ್ಲಿ ನನ್ನ ಗಾಡಿಯ ಹೌಸಿಂಗನ್ನು ಎರಡು ಸಲ ಬಿಚ್ಚಿಸಿದ ಮೇಲೆ, ಬೇರೆ ಕಾರಣಕ್ಕೆ ಹಿಂದಿನ ಟೈರುಗಳನ್ನು ಮುಂದಕ್ಕೆ ಹಾಕಿಸಿದೆ. ಸದ್ದೂ ಅವುಗಳ ಜೊತೆಗೇ ಮುಂದಕ್ಕೆ ಬಂದುಬಿಟ್ಟಿತು.

ಆದ್ದರಿಂದ ಕೆಳಗಿನ ಕ್ರಮವು ಹೊರಗಿನಿಂದ ಒಳಕ್ಕೆ, ಅಗ್ಗದ್ದರಿಂದ ದುಬಾರಿಯದಕ್ಕೆ ಸಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಬದಲಾವಣೆಯ ನಂತರ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡಬೇಕು. ಟೈರು, ಕ್ರಾಸ್ (ಗೇರ್ ಬಾಕ್ಸಿನಿಂದ ಹೌಸಿಂಗಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕೀಲು), ಸೆಂಟರ್ ಬೇರಿಂಗ್ (ಆ ಶಾಫ್ಟನ್ನು ನಡುವೆ ಹಿಡಿದಿರುವುದು) ಮೂರನ್ನೂ ಒಂದೇ ದಿನ ಬದಲಾಯಿಸಿದವರಿಗೆ ಸದ್ದು ನಿಂತರೂ ಯಾವುದರಿಂದ ನಿಂತಿತೆಂದು ತಿಳಿಯುವುದಿಲ್ಲ. ನಿಲ್ಲದಿದ್ದರಂತೂ ಹೊಸ ಭಾಗಗಳ ಮೇಲೂ ಸಂಶಯ ಉಳಿಯುತ್ತದೆ.

## ಬೇಕಾಗುವ ಸಾಮಾನು

ಗಾಡಿಯ ತೂಕಕ್ಕೆ ತಕ್ಕ ಜಾಕಿ, ಎರಡು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಒತ್ತು ಕೊಡಲು ನಾಲ್ಕು ಮರದ ತುಂಡು, ಜಾಕಿಯ ಕೆಳಗೆ ಹಾಸಲು ದಪ್ಪ ಹಲಗೆ, ಗಾಳಿ ಅಳೆಯುವ ಗೇಜು, ಗ್ರೀಸ್ ಗನ್, ಸಣ್ಣ ಹಾರೆ, ಟಾರ್ಚು, ಸೀಮೆಸುಣ್ಣ, ಒರೆಸುವ ಬಟ್ಟೆ, ಒಂದು ನೋಟ್‌ಬುಕ್ಕು. ಫೋನಿನಲ್ಲಿ ವೇಗ ತೋರಿಸುವ ಜಿಪಿಎಸ್ ಆ್ಯಪ್ ಇರಲಿ, ಏಕೆಂದರೆ ಹಳೆಯ ಗಾಡಿಯ ಮೀಟರನ್ನು ಪರೀಕ್ಷೆಗೆ ನಂಬಲಾಗದು. ಓಡಿಸಲು ಒಬ್ಬರು, ಬರೆದುಕೊಳ್ಳಲು ಒಬ್ಬರು ಬೇಕೇ ಬೇಕು.

## ಈ ಸೂಚನೆ ಕಂಡರೆ ಪರೀಕ್ಷೆಗೂ ಓಡಿಸಬೇಡಿ

ಸದ್ದು ಕೆಲವೇ ಕಿಲೋಮೀಟರಿನಲ್ಲಿ ಹೆಚ್ಚುತ್ತಾ ಕಲ್ಲು ಅರೆದಂತೆ ಕೇಳಿಸುವುದು, ಒಂದು ಹಬ್ಬು ಮಾತ್ರ ಮುಟ್ಟಲಾರದಷ್ಟು ಬಿಸಿಯಾಗಿ ಗ್ರೀಸ್ ಕರಗಿ ಇಳಿಯುವುದು, ಬ್ರೇಕ್ ಡ್ರಮ್ಮಿನ ಒಳಬದಿಯಲ್ಲಿ ಎಣ್ಣೆ ಕಾಣುವುದು, ಚಕ್ರದ ನಟ್ಟುಗಳು ಬಿಗಿ ಮಾಡಿದಷ್ಟೂ ಸಡಿಲವಾಗುವುದು, ನಡುನೆಲದ ಕೆಳಗಿನಿಂದ ಟಕ್ ಟಕ್ ಎಂಬ ಸದ್ದಿನೊಂದಿಗೆ ಹೊಸದಾಗಿ ಜೋರು ನಡುಕ ಶುರುವಾಗುವುದು. ಕೊನೆಯದು ಎಲ್ಲಕ್ಕಿಂತ ಅಪಾಯದ್ದು. ಮುಂದಿನ ಕ್ರಾಸ್ ಮುರಿದರೆ ಪ್ರೊಪೆಲ್ಲರ್ ಶಾಫ್ಟಿನ ತುದಿ ರಸ್ತೆಗೆ ಬಿದ್ದು ಊರಿಕೊಳ್ಳಬಹುದು, ಇಲ್ಲವೇ ಮೇಲಕ್ಕೆ ಹಾರಿ ನೆಲವನ್ನೂ ಬ್ರೇಕ್ ಪೈಪನ್ನೂ ಒಡೆಯಬಹುದು.

ಹಬ್ಬಿನ ಬಿಸಿಯನ್ನು ಅಳೆಯುವಾಗ ನಮ್ಮ ಕಡೆಯ ಬೇಸಿಗೆಯನ್ನು ಮರೆಯಬಾರದು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ರಸ್ತೆಯೇ ಕೆಂಡದಂತಿರುವುದರಿಂದ ನಾಲ್ಕೂ ಹಬ್ಬು ಬಿಸಿಯಾಗಿಯೇ ಇರುತ್ತವೆ. ಬ್ರೇಕನ್ನು ಹೆಚ್ಚು ಬಳಸದೆ 20 ಕಿಲೋಮೀಟರ್ ಓಡಿಸಿ, ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದು, ಎಡ ಹಬ್ಬನ್ನು ಅದೇ ಸಾಲಿನ ಬಲ ಹಬ್ಬಿನೊಂದಿಗೆ ಹೋಲಿಸಬೇಕು. ಬಿಸಿ ಇದೆಯೇ ಎಂಬುದಕ್ಕಿಂತ ಎರಡರ ನಡುವೆ ವ್ಯತ್ಯಾಸ ಇದೆಯೇ ಎಂಬುದೇ ಇಲ್ಲಿ ಮುಖ್ಯ.

## ಹಂತ 1: ಒಳಗಿನ ಮನೆಯನ್ನು ಸುಮ್ಮನಾಗಿಸಿ

ಪಾತ್ರೆ, ಒಲೆ, ಗ್ಯಾಸ್ ಸಿಲಿಂಡರು, ಬಿಚ್ಚಿ ಇಡಬಹುದಾದ ಹಲಗೆಗಳನ್ನೆಲ್ಲ ಇಳಿಸಿ, ಕಪಾಟಿನ ಬಾಗಿಲುಗಳಿಗೆ ಟೇಪು ಹಚ್ಚಬೇಕು. ನೀರಿನ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಬೇಕು ಅಥವಾ ಪೂರ್ತಿ ತುಂಬಬೇಕು. ಅರ್ಧ ತುಂಬಿದ ಟ್ಯಾಂಕು ತುಳುಕಿ ತನ್ನದೇ ಓಲಾಟವನ್ನು ಸೇರಿಸುತ್ತದೆ. ಹಾಸಿಗೆಯ ಕಬ್ಬಿಣದ ಚೌಕಟ್ಟಿನ ಬೋಲ್ಟು ನೆಲವನ್ನು ತೂರಿ ಕೆಳಗೆ ಇಳಿದಿದ್ದರೆ, ಅದು ಸೈಲೆನ್ಸರ್ ಪೈಪಿಗೋ ಬ್ರೇಕ್ ಪೈಪಿಗೋ ತಾಗುತ್ತಿದೆಯೇ ಎಂದು ಈಗಲೇ ನೋಡಿಬಿಡಬೇಕು.

## ಹಂತ 2: ಓಡಿಸಿ ಕೇಳಿ, ಕೇಳಿದ್ದನ್ನು ಬರೆದಿಡಿ

ಈ ಹಂತಕ್ಕೆ ಸ್ಪ್ಯಾನರು ಬೇಡ. ಹಾಗಾಗಿಯೇ ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ನಸುಕಿನಲ್ಲಿ, ಅದಿರು ಲಾರಿಗಳ ಗದ್ದಲ ಏಳುವ ಮೊದಲು, ಸಮತಟ್ಟಾದ ನೇರ ರಸ್ತೆಯನ್ನು ಆರಿಸಿಕೊಳ್ಳಬೇಕು. ತೋರಣಗಲ್ಲು, ಸಂಡೂರಿನ ಕಡೆಗಿಂತ ಬಳ್ಳಾರಿಯಿಂದ ಸಿರುಗುಪ್ಪದ ಕಡೆಗಿನ ಬಯಲು ಈ ಕೆಲಸಕ್ಕೆ ಅನುಕೂಲ. ಕಿಟಕಿಗಳನ್ನು ಮುಚ್ಚಿ, ರೇಡಿಯೋ ಮತ್ತು ಫ್ಯಾನು ಆರಿಸಿ, ಟೈರು ಬಿಸಿಯಾಗಲು ಮೊದಲು ಹತ್ತು ಕಿಲೋಮೀಟರ್ ಓಡಿಸಬೇಕು. ಗಾಡಿ ರಾತ್ರಿಯಿಡೀ ನಿಂತಿದ್ದರೆ ಟೈರು ನೆಲಕ್ಕೊತ್ತಿದ ಜಾಗದಲ್ಲಿ ಚಪ್ಪಟೆಯಾಗಿ ಮೊದಲ ಕೆಲವು ಕಿಲೋಮೀಟರ್ ಸುಳ್ಳು ನಡುಕ ಕೊಡುತ್ತದೆ.

ನಿಂತಲ್ಲೇ ಮಾಡುವ ಪರೀಕ್ಷೆ. ಗಾಡಿಯನ್ನು ನ್ಯೂಟ್ರಲ್ಲಿನಲ್ಲಿಟ್ಟು ಎಂಜಿನ್ನಿನ ವೇಗವನ್ನು ನಿಧಾನವಾಗಿ ಏರಿಸಬೇಕು. ನಡುಕ ಇಲ್ಲೇ ಬಂದರೆ ಮೂಲವು ಎಂಜಿನ್ನು, ಕ್ಲಚ್ಚು ಅಥವಾ ಮೌಂಟಿಂಗಿನಲ್ಲಿದೆ. ಶಾಫ್ಟು, ಹೌಸಿಂಗುಗಳ ತಂಟೆಗೆ ಹೋಗಬೇಕಿಲ್ಲ. ಬಳಿಕ ಕ್ಲಚ್ ಪೆಡಲನ್ನು ಒತ್ತಿ ಬಿಡಬೇಕು. ಒತ್ತಿದಾಗ ಸದ್ದು ನಿಂತರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿನ ಕಡೆಯ ಬೇರಿಂಗಿನ ಮೇಲೆ, ಒತ್ತಿದಾಗ ಮಾತ್ರ ಸದ್ದು ಬಂದರೆ ಕ್ಲಚ್ಚಿನ ರಿಲೀಸ್ ಬೇರಿಂಗಿನ ಮೇಲೆ ಸಂಶಯ ಪಡಬೇಕು.

ನ್ಯೂಟ್ರಲ್ ಪರೀಕ್ಷೆ. ಸದ್ದು ಬರುವ ವೇಗಕ್ಕಿಂತ ಸ್ವಲ್ಪ ಮೇಲೇರಿಸಿ, ಹಿಂದೆ ಮುಂದೆ ಗಾಡಿಗಳಿಲ್ಲದಾಗ ನ್ಯೂಟ್ರಲ್ ಮಾಡಿ ಗಾಡಿ ತಾನಾಗಿ ಉರುಳುವುದಕ್ಕೆ ಬಿಡಬೇಕು. ಎಂಜಿನ್ ಬಂದ್ ಮಾಡಲೇಕೂಡದು. ಮಾಡಿದರೆ ಬ್ರೇಕಿನ ಬೂಸ್ಟರು ಬಲ ಕಳೆದುಕೊಳ್ಳುತ್ತದೆ, ಪವರ್ ಸ್ಟೀರಿಂಗ್ ಇದ್ದರೆ ಅದು ಭಾರವಾಗುತ್ತದೆ, ಕೀಲಿ ತೆಗೆದರೆ ಸ್ಟೀರಿಂಗ್ ಬೀಗ ಬೀಳಬಹುದು. ನ್ಯೂಟ್ರಲ್ಲಿನಲ್ಲಿಯೂ ಸದ್ದು ಹಾಗೆಯೇ ಇದ್ದು ವೇಗ ಇಳಿದಂತೆ ಇಳಿದರೆ ಮೂಲವು ಟೈರು, ಹಬ್ಬು, ಶಾಫ್ಟು, ಹೌಸಿಂಗುಗಳಲ್ಲಿ ಒಂದು. ಥಟ್ಟನೆ ನಿಂತರೆ ಎಂಜಿನ್ನು, ಕ್ಲಚ್ಚು, ಗೇರುಗಳ ಕಡೆ ನೋಡಬೇಕು, ಅಥವಾ ಭಾರ ಬಿದ್ದಾಗ ಮಾತ್ರ ಕೂಗುವ ಹಲ್ಲುಗಳ ಕಡೆ.

ಗೇರ್ ಬದಲಿಸುವ ಪರೀಕ್ಷೆ. ಒಂದೇ ವೇಗದಲ್ಲಿ, ಗಂಟೆಗೆ 50 ಎನ್ನೋಣ, ಮೊದಲು ನಾಲ್ಕನೆಯ ಗೇರಿನಲ್ಲಿ, ಅನಂತರ ಮೂರನೆಯದರಲ್ಲಿ ಓಡಿಸಬೇಕು. ಎಂಜಿನ್ನಿನ ವೇಗ ಬದಲಾದರೂ ಸದ್ದಿನ ಸ್ವರ ಬದಲಾಗದಿದ್ದರೆ ಗೇರ್ ಬಾಕ್ಸಿನಿಂದ ಹಿಂದಿರುವ ಭಾಗಗಳದೇ ತಪ್ಪು. ಇಂಥ ಗೇರ್ ಬಾಕ್ಸುಗಳಲ್ಲಿ ಸಾಮಾನ್ಯವಾಗಿ ಒಂದು ಗೇರು, ಹಲವು ಗಾಡಿಗಳಲ್ಲಿ ನಾಲ್ಕನೆಯದು, ನೇರ ಚಾಲನೆಯದಾಗಿರುತ್ತದೆ. ಅದರಲ್ಲಿ ಗೇರ್ ಬಾಕ್ಸಿನೊಳಗೆ ಕೆಳಗಿರುವ ಎರಡನೆಯ ಶಾಫ್ಟಾದ ಲೇ ಶಾಫ್ಟಿನ ಮೇಲೆ ಭಾರ ಬೀಳುವುದಿಲ್ಲ. ಉಳಿದ ಗೇರುಗಳಲ್ಲೆಲ್ಲ ಇದ್ದ ಸದ್ದು ಆ ಒಂದರಲ್ಲಿ ಮಾತ್ರ ಅಡಗಿದರೆ ಲೇ ಶಾಫ್ಟಿನ ಬೇರಿಂಗನ್ನೋ ಗೇರುಗಳನ್ನೋ ಶಂಕಿಸಬೇಕು.

ಭಾರದ ಪರೀಕ್ಷೆ. ಸದ್ದಿರುವ ವೇಗದಲ್ಲಿ ಆಕ್ಸಿಲರೇಟರನ್ನು ಮೂರು ರೀತಿ ಹಿಡಿಯಬೇಕು: ಒತ್ತಿ, ವೇಗ ಏರದಷ್ಟು ಮಾತ್ರ ಹಿಡಿದು, ಪೂರ್ತಿ ಬಿಟ್ಟು. ಒತ್ತಿದಾಗ ಮಾತ್ರ ಅಥವಾ ಬಿಟ್ಟಾಗ ಮಾತ್ರ ಸಣ್ಣ ದನಿಯಲ್ಲಿ ಕೂಗಿದರೆ ಕ್ರೌನ್ ಪಿನಿಯನ್ ಹಲ್ಲುಗಳ ಕೂಡಿಕೆ ಕೆಟ್ಟಿರಬಹುದು. ಮೂರರಲ್ಲೂ ಒರಟಾಗಿ ಗುರುಗುಟ್ಟಿದರೆ ಬೇರಿಂಗು. ಮೂರರಲ್ಲೂ ಕಿಂಚಿತ್ತೂ ಬದಲಾಗದೆ ಒಂದೇ ಸಮನೆ ಗುಂಯ್ ಎಂದರೆ ಟೈರನ್ನೇ ಮೊದಲು ನೋಡಬೇಕು.

ಓಲಾಟದ ಪರೀಕ್ಷೆ. ಖಾಲಿ ರಸ್ತೆಯಲ್ಲಿ, ಎತ್ತರದ ಗಾಡಿ ಎಂಬುದನ್ನು ನೆನಪಿಟ್ಟು, 40ರ ಆಸುಪಾಸಿನಲ್ಲಿ ಮೆಲ್ಲನೆ ಎಡಕ್ಕೂ ಬಲಕ್ಕೂ ತಿರುಗಿಸಬೇಕು. ಬಲಕ್ಕೆ ತಿರುಗಿದಾಗ ಭಾರ ಎಡ ಚಕ್ರಗಳ ಮೇಲೆ ಬೀಳುವುದರಿಂದ ಆಗ ಸದ್ದು ಹೆಚ್ಚಿದರೆ ಎಡ ಹಬ್ಬಿನ ಬೇರಿಂಗನ್ನು, ಎಡಕ್ಕೆ ತಿರುಗಿದಾಗ ಹೆಚ್ಚಿದರೆ ಬಲದ್ದನ್ನು ಶಂಕಿಸಬೇಕು. ಕೊನೆಯಲ್ಲಿ ಗಾಡಿಯನ್ನು ಡಾಂಬರಿನಿಂದ ಊರೊಳಗಿನ ಸಿಮೆಂಟ್ ರಸ್ತೆಗೆ ಇಳಿಸಬೇಕು. ರಸ್ತೆಯ ಮೈ ಬದಲಾದ ಕೂಡಲೇ ಸದ್ದು ಬದಲಾದರೆ ಅದು ಟೈರಿನದು. ಹೌಸಿಂಗಿಗೆ ರಸ್ತೆ ಯಾವುದೆಂದು ಗೊತ್ತಿರುವುದಿಲ್ಲ.

## ಹಂತ 3: ನಡುಕವನ್ನು ಎಣಿಸಿ

ಸದ್ದು ಕಿವಿಯನ್ನು ಮೋಸಗೊಳಿಸಬಹುದು, ಎಣಿಕೆ ಹಾಗಲ್ಲ. ಚಕ್ರ ಒಂದು ಸುತ್ತಿಗೆ ಎಷ್ಟು ದೂರ ಉರುಳುತ್ತದೆ ಎಂಬುದನ್ನು ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಗಾಡಿ ತಳ್ಳಿ ಅಳೆದುಕೊಳ್ಳಬೇಕು. ಅದು 2.1 ಮೀಟರ್ ಇದ್ದರೆ, 60 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 16.7 ಮೀಟರ್ ಹೋಗುವುದರಿಂದ ಚಕ್ರ ಸೆಕೆಂಡಿಗೆ ಸುಮಾರು 8 ಸುತ್ತು ತಿರುಗುತ್ತದೆ. ಹೌಸಿಂಗಿನ ಅನುಪಾತ 4 ಇದ್ದರೆ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟು ನಾಲ್ಕು ಸುತ್ತು ತಿರುಗುವುದಾದರೆ, ಪ್ರೊಪೆಲ್ಲರ್ ಶಾಫ್ಟು ಸೆಕೆಂಡಿಗೆ 32 ಸುತ್ತು ತಿರುಗುತ್ತದೆ. ಕ್ರಾಸಿನ ಕೋನದ ದೋಷವು ಶಾಫ್ಟಿನ ಒಂದು ಸುತ್ತಿಗೆ ಎರಡು ಸಲ ಬಡಿಯುವುದರಿಂದ ಅದು 64.

ಅನುಪಾತ ತಿಳಿಯದಿದ್ದರೆ, ಗಾಡಿಗೆ ಭದ್ರವಾಗಿ ಒತ್ತು ಕೊಟ್ಟು, ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್ಲಿನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಒಂದು ಹಿಂಚಕ್ರವನ್ನು ಮಾತ್ರ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಎತ್ತಿದ ಚಕ್ರವನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಿದಾಗ ಶಾಫ್ಟು ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ಒಂದು ಚಕ್ರ ನೆಲದ ಮೇಲಿರುವುದರಿಂದ ಒಂದಲ್ಲ, ಎರಡು ಸುತ್ತು ಬೇಕು. ಇದನ್ನು ಮರೆತವರಿಗೆ ಉತ್ತರ ಅರ್ಧವಾಗಿ ಬರುತ್ತದೆ.

ಇನ್ನು ಕಂಪನ ಅಳೆಯುವ ಆ್ಯಪನ್ನು ತೆರೆದು, ಫೋನನ್ನು ಸೀಟಿನ ಕೆಳಗಿನ ನೆಲಕ್ಕೆ ಟೇಪಿನಿಂದ ಗಟ್ಟಿಯಾಗಿ ಅಂಟಿಸಿ ಓಡಿಸಬೇಕು. 8ರ ಹತ್ತಿರ ಶಿಖರ ಕಂಡರೆ ಚಕ್ರ, 32ರ ಹತ್ತಿರ ಕಂಡರೆ ಶಾಫ್ಟು. ಸಾಧಾರಣ ಫೋನುಗಳು 50ರ ಮೇಲಿನದನ್ನು ಸರಿಯಾಗಿ ಹಿಡಿಯದಿರಬಹುದಾದ್ದರಿಂದ ಆ ಭಾಗವನ್ನು ಹೆಚ್ಚು ನಂಬಬಾರದು.

## ಹಂತ 4: ಟೈರು ಮತ್ತು ಚಕ್ರ

ಮೊದಲು ರಿಮ್ಮಿನ ಒಳಬದಿಗೆ ಟಾರ್ಚು ಹಿಡಿದು ನೋಡಬೇಕು. ಸಿಂಧನೂರು, ಗಂಗಾವತಿ ಕಡೆಯ ಭತ್ತದ ಗದ್ದೆಗಳ ಬದಿಯಲ್ಲಿ ಗಾಡಿ ಇಳಿಸಿದವರ ರಿಮ್ಮಿನೊಳಗೆ ಎರೆಮಣ್ಣು ಸೇರಿ, ಒಂದೇ ಕಡೆ ಕಲ್ಲಿನಂತೆ ಒಣಗಿ ಕೂತಿರುತ್ತದೆ. ಅದು ಬ್ಯಾಲೆನ್ಸಿಂಗ್ ಕೆಡಿಸುವುದಕ್ಕೆ ಧಾರಾಳವಾಗಿ ಸಾಕು. ನೀರಿನ ಜೆಟ್ಟಿನಿಂದ ಹೋಗದಿದ್ದರೆ ನೆನೆಸಿ ಕೆರೆಯಬೇಕು. ಹಿಂದೆ ಜೋಡಿ ಚಕ್ರವಿದ್ದರೆ ನಡುವೆ ಕಲ್ಲು ಸಿಕ್ಕಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಬಳಿಕ ಅಂಗೈಯನ್ನು ಟೈರಿನ ಹಲ್ಲಿನ ಮೇಲೆ ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಸವರಬೇಕು. ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ, ಅಥವಾ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ, ಬೇರಿಂಗಿನಂತೆಯೇ ಕೂಗುವ ಟೈರು ಅದು. ಕ್ಯಾಂಪರ್ ಗಾಡಿಗಳು ತಿಂಗಳುಗಟ್ಟಲೆ ನಿಂತಿರುವುದರಿಂದ ಹಲ್ಲು ಚೆನ್ನಾಗಿದ್ದರೂ ರಬ್ಬರು ಬಿರುಕು ಬಿಟ್ಟಿರುತ್ತದೆ. ಪಕ್ಕದಲ್ಲಿ ಉಬ್ಬು ಕಂಡರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ ಟೈರು ಬದಲಾಯಿಸಬೇಕು. ಸಂಶಯ ಉಳಿದರೆ ಹಿಂದಿನ ಟೈರುಗಳನ್ನು ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಓಡಿಸಬೇಕು. ಸ್ಟೀರಿಂಗ್ ನಡುಗಿದರೆ ತಪ್ಪು ಮುಂಚಕ್ರದಲ್ಲಿ. ಸೀಟು, ನೆಲ ನಡುಗಿದರೆ ಹಿಂಚಕ್ರ ಅಥವಾ ಶಾಫ್ಟಿನಲ್ಲಿ ಇರುವುದು ಹೆಚ್ಚು.

## ಹಂತ 5: ಗಾಡಿ ಎತ್ತಿ ಹಬ್ಬು ನೋಡುವುದು

ಎರೆಮಣ್ಣಿನ ಮೇಲೆ ಜಾಕಿ ಇಡಬಾರದು. ಮೇಲೆ ಒಣಗಿದಂತೆ ಕಂಡರೂ ಒಳಗೆ ಹೂತುಕೊಳ್ಳುತ್ತದೆ. ಗಟ್ಟಿ ನೆಲದಲ್ಲಿಯೂ ಹಲಗೆ ಹಾಸಬೇಕು. ಸ್ಟ್ಯಾಂಡಿನ ಬದಲು ಸಿಮೆಂಟ್ ಬ್ಲಾಕು, ಇಟ್ಟಿಗೆ, ಸೈಜುಗಲ್ಲು ಒಟ್ಟುವುದನ್ನು ಎಲ್ಲೆಡೆ ಕಾಣುತ್ತೇವೆ. ಅವು ಒಡೆಯುವ ಮೊದಲು ಯಾವ ಸೂಚನೆಯನ್ನೂ ಕೊಡುವುದಿಲ್ಲ. ಹ್ಯಾಂಡ್ ಬ್ರೇಕು ಹಿಂಚಕ್ರಗಳನ್ನು ಹಿಡಿಯುವ ಗಾಡಿಯಲ್ಲಿ ಹಿಂಭಾಗ ಎತ್ತಿದ ಮೇಲೆ ಅದರಿಂದ ಪ್ರಯೋಜನವಿಲ್ಲದ ಕಾರಣ ಮುಂಚಕ್ರಗಳಿಗೆ ಎರಡೂ ಬದಿ ಒತ್ತು ಕೊಡಲೇಬೇಕು. ಒಂದು ಚಕ್ರ ಎತ್ತಿ ಎಂಜಿನ್ ಚಾಲೂ ಮಾಡಿ ಗೇರು ಹಾಕುವ ಪ್ರಯೋಗವನ್ನು ಮನೆಯಲ್ಲಿ ಮಾಡಕೂಡದು.

ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಬೇಕು. ಅಲುಗಿದರೆ ಜೊತೆಗಾರರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲುಗಿಸಬೇಕು. ಬ್ರೇಕ್ ಒತ್ತಿದಾಗ ಆಟ ನಿಂತರೆ ಬೇರಿಂಗು ಸಡಿಲ. ನಿಲ್ಲದಿದ್ದರೆ ಮುಂಚಕ್ರದಲ್ಲಿ ಸ್ಟೀರಿಂಗಿಗೆ ಚಕ್ರ ಹೊರಳುವ ಕೀಲಾದ ಕಿಂಗ್ ಪಿನ್ನನ್ನೋ ಬಾಲ್ ಜಾಯಿಂಟನ್ನೋ ನೋಡಬೇಕು. ಆಮೇಲೆ ಒಂದು ಕೈಯಿಂದ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸ್ಪ್ರಿಂಗ್ ಪಟ್ಟಿಯ ಮೇಲಿಟ್ಟರೆ ಬೇರಿಂಗಿನ ಒರಟುತನ ಬೆರಳಿಗೆ ತಿಳಿಯುತ್ತದೆ. ಟೇಪರ್ ಬೇರಿಂಗು ಸಡಿಲವಾಗಿದೆಯೆಂದು ಬಲವಾಗಿ ಬಿಗಿದುಬಿಡುವುದು ಸಾಮಾನ್ಯ ತಪ್ಪು; ಸದ್ದು ಎರಡು ದಿನ ಅಡಗಿ, ಮೂರನೆಯ ದಿನ ಬೇರಿಂಗು ಸುಟ್ಟಿರುತ್ತದೆ.

## ಹಂತ 6: ಪ್ರೊಪೆಲ್ಲರ್ ಶಾಫ್ಟು, ಕ್ರಾಸ್, ಸೆಂಟರ್ ಬೇರಿಂಗ್

ಹಿಂಚಕ್ರ ಚಾಲನೆಯ ಹಳೆಯ ವ್ಯಾನುಗಳಲ್ಲಿ ಟೈರು ಸರಿಯಿದ್ದರೆ ನಾನು ಮೊದಲು ಶಂಕಿಸುವುದು ಇದನ್ನೇ. ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತಿರುವಾಗಲೇ ಕೋನಗಳನ್ನು ನೋಡಬೇಕು. ಚಾಸಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ ಜೋತುಬಿಟ್ಟರೆ ಕೋನಗಳೆಲ್ಲ ಸುಳ್ಳಾಗುತ್ತವೆ.

ಕ್ರಾಸಿನ ಕಪ್ಪುಗಳ ಸುತ್ತ ಕೆಂಪು ಪುಡಿ ಕಂಡರೆ ಒಳಗೆ ಗ್ರೀಸ್ ಒಣಗಿ ತುಕ್ಕು ಹಿಡಿದಿದೆ ಎಂಬುದು ಎಲ್ಲೆಡೆ ಹೇಳುವ ಸೂಚನೆ. ಸಂಡೂರು, ತೋರಣಗಲ್ಲು ಕಡೆ ಓಡುವ ಗಾಡಿಯಲ್ಲಿ ಈ ಸೂಚನೆಯೇ ದಾರಿ ತಪ್ಪಿಸುತ್ತದೆ, ಏಕೆಂದರೆ ಅಲ್ಲಿ ಅದಿರಿನ ಕೆಂಪು ಧೂಳು ಗಾಡಿಯ ಹೊಟ್ಟೆಯಡಿಯ ಎಲ್ಲ ಭಾಗಗಳ ಮೇಲೂ ಕೂತಿರುತ್ತದೆ. ಬಟ್ಟೆಯಿಂದ ಚೆನ್ನಾಗಿ ಒರೆಸಿ, ಅದಿರು ರಸ್ತೆ ಬಿಟ್ಟು 50 ಕಿಲೋಮೀಟರ್ ಓಡಿಸಿ, ಮತ್ತೆ ನೋಡಬೇಕು. ಧೂಳಾದರೆ ಎಲ್ಲೆಡೆ ಸಮನಾಗಿ ತೆಳ್ಳಗೆ ಕೂರುತ್ತದೆ. ತುಕ್ಕಿನ ಪುಡಿಯಾದರೆ ಕಪ್ಪಿನ ಸೀಲಿನ ಅಂಚಿನಿಂದಷ್ಟೇ ಹೊರಟು ಹರಡಿರುತ್ತದೆ.

ಗ್ರೀಸ್ ನಿಪ್ಪಲ್ ಇರುವ ಕ್ರಾಸಾದರೆ, ನಾಲ್ಕೂ ಕಪ್ಪುಗಳಿಂದ ಹಳೆಯ ಗ್ರೀಸ್ ಹೊರಬರುವವರೆಗೆ ಗನ್ ಒತ್ತಬೇಕು. ಮೂರರಿಂದ ಬಂದು ಒಂದರಿಂದ ಬರದಿದ್ದರೆ ಆ ಕಪ್ಪಿಗೆ ದಾರಿ ಕಟ್ಟಿದೆ. ಕ್ರಾಸ್ ಬದಲಾಯಿಸುವುದೇ ಸರಿ. ಎಂಜಿನ್ ಬಂದ್ ಇರುವಾಗ, ಶಾಫ್ಟು ಮತ್ತು ಯೋಕಿನ (ಕ್ರಾಸನ್ನು ಹಿಡಿದಿರುವ ಕವಲಿನ) ನಡುವೆ ಹಾರೆಯ ತುದಿಯಿಟ್ಟು ಮೆಲ್ಲನೆ ಮೀಟಿದರೆ ಕಣ್ಣಿಗೆ ಕಾಣುವಷ್ಟು ಆಟ ಇರಬಾರದು. ಗಾಡಿ ಹೊರಡುವಾಗ ಮತ್ತು ನಿಲ್ಲುವಾಗ ಒಂದೇ ಒಂದು ಟಕ್ ಕೇಳಿಸಿ, ಕ್ರಾಸ್ ಸರಿಯಿದ್ದರೆ, ಶಾಫ್ಟು ಉದ್ದಗಿಡ್ಡವಾಗಲು ಜಾರುವ ಹಲ್ಲಿನ ಜೋಡಣೆಯಾದ ಸ್ಪ್ಲೈನು ಒಣಗಿರಬಹುದು. ಗ್ರೀಸಿನಿಂದಲೇ ಅದು ನಿಲ್ಲುವುದುಂಟು.

ಸೆಂಟರ್ ಬೇರಿಂಗಿನಲ್ಲಿ ಜನ ಬೇರಿಂಗನ್ನಷ್ಟೇ ನೋಡಿ, ಅದನ್ನು ಹಿಡಿದಿರುವ ರಬ್ಬರನ್ನು ಮರೆಯುತ್ತಾರೆ. ಶಾಫ್ಟನ್ನು ಕೈಯಿಂದ ಮೇಲಕ್ಕೆತ್ತಿದಾಗ ರಬ್ಬರು ಹರಿದು ಬಾಯಿ ಬಿಡುತ್ತಿದ್ದರೆ, ಗಾಡಿ ಮೊದಲ ಗೇರಿನಲ್ಲಿ ಹೊರಡುವಾಗ ಬರುವ ಗಡಗಡ ನಡುಕಕ್ಕೆ ಕಾರಣ ಸಿಕ್ಕಿತು.

ಕ್ಯಾಂಪರ್ ಮಾಡಿಸಿದ ನಂತರವೇ ನಡುಕ ಶುರುವಾದವರು ಇಲ್ಲಿ ನಿಲ್ಲಬೇಕು. ಹಾಸಿಗೆ, ಟ್ಯಾಂಕು, ಬ್ಯಾಟರಿಗಳ ಭಾರಕ್ಕೆ ಹಿಂಭಾಗ ಕುಸಿಯಿತೆಂದು ಪಟ್ಟಿಯ ಸೆಟ್ಟಿಗೆ ಒಂದೆರಡು ಪಟ್ಟಿ ಹೆಚ್ಚು ಹಾಕಿಸುತ್ತಾರೆ. ಭಾರದಿಂದ ಕುಸಿದರೂ, ಪಟ್ಟಿ ಸೇರಿಸಿ ಎತ್ತಿದರೂ ಹೌಸಿಂಗಿನ ಮೂತಿಯ ಕೋನ ಬದಲಾಗುತ್ತದೆ. ಗೇರ್ ಬಾಕ್ಸಿನ ಕಡೆಯ ಕೋನವೂ ಹೌಸಿಂಗಿನ ಕಡೆಯ ಕೋನವೂ ಒಂದನ್ನೊಂದು ಸರಿದೂಗಿಸದಿದ್ದರೆ ಹೊಸ ಕ್ರಾಸ್ ಹಾಕಿದರೂ ನಡುಕ ಉಳಿಯುತ್ತದೆ, ಕ್ರಾಸ್ ಬೇಗ ಸವೆಯುತ್ತದೆ. ಇದಕ್ಕೆ ಪರಿಹಾರ ಭಾರವನ್ನು ಮುಂದಕ್ಕೆ ಹಂಚುವುದು, ಇಲ್ಲವೇ ಪಟ್ಟಿ ಮತ್ತು ಆಕ್ಸಲಿನ ನಡುವೆ ಅಳತೆಯ ಬೆಣೆ ಹಾಕಿಸಿ ಕೋನ ತಿದ್ದುವುದು. ಯು ಬೋಲ್ಟು ಸಡಿಲವೇ, ಪಟ್ಟಿಯ ಸೆಂಟರ್ ಬೋಲ್ಟು ಮುರಿದು ಆಕ್ಸಲ್ ಸರಿದಿದೆಯೇ ಎಂಬುದನ್ನೂ ಜೊತೆಗೇ ನೋಡಬೇಕು.

ಶಾಫ್ಟು ಬಿಚ್ಚುವುದಾದರೆ ಪ್ರತಿ ಫ್ಲೇಂಜಿಗೂ ಸ್ಪ್ಲೈನಿಗೂ ಮೊದಲೇ ಗುರುತು ಹಾಕಬೇಕು. ಸೀಮೆಸುಣ್ಣ ಅಳಿಸುವುದರಿಂದ ಪೇಂಟು ಒಳ್ಳೆಯದು. ಸ್ಪ್ಲೈನು ಒಂದು ಹಲ್ಲು ಆಚೀಚೆ ಕೂತರೂ ಎರಡು ಕೊನೆಯ ಯೋಕುಗಳು ಒಂದೇ ಸಮತಲ ತಪ್ಪಿ ಹೊಸ ನಡುಕ ಹುಟ್ಟುತ್ತದೆ. ಲಾರಿಗಳೇ ಹೆಚ್ಚಿರುವ ನಮ್ಮ ಕಡೆ ಶಾಫ್ಟು ಕತ್ತರಿಸಿ ಬೆಸೆಯುವ ಲೇತ್ ಅಂಗಡಿಗಳಿಗೆ ಕೊರತೆಯಿಲ್ಲ, ಆದರೆ ಬೆಸೆದ ಮೇಲೆ ಯಂತ್ರದಲ್ಲಿ ಬ್ಯಾಲೆನ್ಸ್ ಮಾಡಿಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ನೇರವಾಗಿದ್ದ ಮಾತ್ರಕ್ಕೆ ಶಾಫ್ಟು ಸಮತೂಕದಲ್ಲಿದೆ ಎಂದಲ್ಲ.

## ಹಂತ 7: ಮೌಂಟಿಂಗ್ ಮತ್ತು ಸೈಲೆನ್ಸರ್

ಎಂಜಿನ್, ಗೇರ್ ಬಾಕ್ಸುಗಳ ರಬ್ಬರು ಎಣ್ಣೆ ಕುಡಿದು ಮೆತ್ತಗಾಗಿದೆಯೇ, ಸೈಲೆನ್ಸರ್ ಪೈಪು ಚಾಸಿಗೆ ತಾಗಿ ಹೊಳೆಯುವ ಗೆರೆ ಬಿದ್ದಿದೆಯೇ ನೋಡಿದರೆ ಸಾಕು. ಐದು ನಿಮಿಷದ ಕೆಲಸ.

## ಹಂತ 8: ಗೇರ್ ಬಾಕ್ಸ್ ಮತ್ತು ಹೌಸಿಂಗ್

ಇಲ್ಲಿಯವರೆಗೆ ಮೂಲ ಸಿಗದಿದ್ದರೆ ಮಾತ್ರ ಎಣ್ಣೆಯ ಬಿರಡೆಗೆ ಕೈ ಹಾಕಬೇಕು. ಸಮತಟ್ಟಾದ ನೆಲದಲ್ಲಿ, ತುಂಬುವ ಬಿರಡೆ ತೆಗೆದಾಗ ಎಣ್ಣೆ ಸಾಮಾನ್ಯವಾಗಿ ರಂಧ್ರದ ಕೆಳ ಅಂಚಿಗೆ ಇರಬೇಕು. ಇಳಿಸುವ ಬಿರಡೆಯ ಅಯಸ್ಕಾಂತಕ್ಕೆ ನುಣ್ಣನೆಯ ಬೂದು ಲೇಪ ಅಂಟಿರುವುದು ಹಳೆಯ ಗಾಡಿಗೆ ಸಹಜ. ಚಕ್ಕೆಗಳು, ಸೂಜಿಯಂಥ ಚೂರುಗಳು ಸಿಕ್ಕರೆ ಹಲ್ಲು ಅಥವಾ ಬೇರಿಂಗು ಒಡೆಯುತ್ತಿದೆ. ಗೇರ್ ಬಾಕ್ಸಿನ ಎಣ್ಣೆಯಲ್ಲಿ ಹಿತ್ತಾಳೆ ಬಣ್ಣದ ಮಿನುಗು ಗೇರು ಸಲೀಸಾಗಿ ಬೀಳಲು ನೆರವಾಗುವ ಸಿಂಕ್ರೋ ರಿಂಗುಗಳ ಸವೆತವನ್ನು ತೋರಿಸುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಕಾಲುವೆಯಲ್ಲೋ ಹಳ್ಳದಲ್ಲೋ ನೀರು ಹೊಕ್ಕಿದೆ.

ಎರಡಕ್ಕೂ ಒಂದೇ ಡಬ್ಬದ ಎಣ್ಣೆ ಸುರಿಯುವುದು ದೊಡ್ಡ ತಪ್ಪು. ಹೈಪಾಯ್ಡ್ (ಬಾಗಿದ, ಉಜ್ಜುತ್ತಾ ಕೂಡುವ) ಹಲ್ಲಿನ ಹೌಸಿಂಗಿಗೆ ಜಿಎಲ್ 5 ದರ್ಜೆಯ ಎಣ್ಣೆ ಬೇಕು. ಹಿತ್ತಾಳೆಯ ಸಿಂಕ್ರೋ ರಿಂಗುಗಳಿರುವ ಹಲವು ಹಳೆಯ ಗೇರ್ ಬಾಕ್ಸುಗಳಿಗೆ ಜಿಎಲ್ 4 ಹೇಳಿರುತ್ತಾರೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುವುದೇ ಅಂತಿಮ. ಸದ್ದು ಮುಚ್ಚಲು ಇನ್ನೂ ದಪ್ಪ ಎಣ್ಣೆ ಹಾಕುವುದು ರೋಗವನ್ನು ಕಂಬಳಿ ಹೊದಿಸಿ ಮಲಗಿಸಿದಂತೆ.

ಹೌಸಿಂಗಿನ ಮೇಲಿನ ಬ್ರೀದರ್ (ಗಾಳಿ ಹೊರಬಿಡುವ ರಂಧ್ರ) ಮಣ್ಣಿನಿಂದ ಮುಚ್ಚಿದ್ದರೆ ಒಳಗಿನ ಒತ್ತಡಕ್ಕೆ ಎಣ್ಣೆ ಸೀಲುಗಳಿಂದ ಹೊರಬರುತ್ತದೆ, ಮಟ್ಟ ಇಳಿದು ಸದ್ದು ಶುರುವಾಗುತ್ತದೆ. ಪಿನಿಯನ್ ಫ್ಲೇಂಜನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಆಟ ಇದ್ದರೆ ಬೇರಿಂಗು ಹೋಗಿದೆ. ತಿರುಗಿಸುವಾಗಿನ ಸ್ವಲ್ಪ ಆಟ ಸಹಜ. ಸಡಿಲ ಕಂಡಿತೆಂದು ಪಿನಿಯನ್ ನಟ್ಟನ್ನು ಬಿಗಿಯಬಾರದು. ಆ ನಟ್ಟಿನ ಬಿಗಿತವೇ ಬೇರಿಂಗಿನ ಪ್ರೀಲೋಡನ್ನು (ಅದಕ್ಕೆ ಮೊದಲೇ ಕೊಟ್ಟಿರುವ ಒತ್ತನ್ನು) ನಿರ್ಧರಿಸುವ ಗಾಡಿಗಳಿವೆ. ಅದನ್ನು ಅಳತೆಯಿಲ್ಲದೆ ಮುಟ್ಟಿದವರೇ ಮುಂದೆ ಕ್ರೌನ್ ಪಿನಿಯನ್ ಕೊಳ್ಳಬೇಕಾಗುತ್ತದೆ.

## ಹಂತ 9: ಗ್ಯಾರೇಜಿಗೆ ಹೋದಾಗ

ಹೌಸಿಂಗ್ ಸದ್ದು ಮಾಡುತ್ತಿದೆ ಎಂದು ಹೇಳಿದರೆ ಹೌಸಿಂಗನ್ನೇ ಬಿಚ್ಚುತ್ತಾರೆ. ಅದರ ಬದಲು ಬರೆದದ್ದನ್ನು ಓದಿ ಹೇಳಬೇಕು: 55ರಿಂದ 70ರವರೆಗೆ ನಡುಕ, ನ್ಯೂಟ್ರಲ್ಲಿನಲ್ಲೂ ಇದೆ, ಗೇರ್ ಬದಲಿಸಿದರೂ ಅಷ್ಟೇ ಇದೆ, ಟೈರು ಅದಲುಬದಲು ಮಾಡಿ ನೋಡಿದ್ದೇನೆ. ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಒಮ್ಮೆ ಓಡಿಸಿ, ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಬೇಕು. ಕೆಲಸದ ನಂತರ 100 ಕಿಲೋಮೀಟರಿಗೆ ಚಕ್ರದ ನಟ್ಟುಗಳನ್ನೂ ಶಾಫ್ಟಿನ ಫ್ಲೇಂಜ್ ಬೋಲ್ಟುಗಳನ್ನೂ, ಪಟ್ಟಿ ಬಿಚ್ಚಿದ್ದರೆ ಯು ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿ ನೋಡಿ, ಇಳಿಸಿದ್ದ ಸಾಮಾನನ್ನೆಲ್ಲ ತುಂಬಿಕೊಂಡು ಕೊನೆಯ ಸಲ ಅದೇ ರಸ್ತೆಯಲ್ಲಿ ಓಡಿಸಬೇಕು. ಖಾಲಿ ಗಾಡಿಯಲ್ಲಿ ಇಲ್ಲದ ನಡುಕ ತುಂಬಿದ ಗಾಡಿಯಲ್ಲಿ ಮರಳಿದರೆ ಆರನೆಯ ಹಂತದ ಕೋನಗಳನ್ನು ಮತ್ತೆ ಅಳೆಯಬೇಕಾಗುತ್ತದೆ.